ಕ್ಲಿಂಗನ್ನರ ಹಣೆಬರಹ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಮೂಲ. ರಾತ್ರಿ ಊಟವಾದ ಮೇಲೆ ಜಗುಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಧಾರಾವಾಹಿಯನ್ನು ನೋಡುತ್ತಿದ್ದೆ. ವಿದ್ಯಾರ್ಥಿನಿಲಯದ ಗೆಳತಿಯೊಬ್ಬಳಿಂದ ನನಗೆ ಅಂಟಿದ ಗೀಳು ಅದು. ನಮ್ಮ ತಂದೆಯವರು ಪಕ್ಕದಲ್ಲಿ ಬಂದು ಕುಳಿತರು. ಅವರು ನಾಲ್ಕನೆಯ ತರಗತಿಗೇ ಓದು ಬಿಟ್ಟು ನೇಗಿಲು ಹಿಡಿದವರು, ಇಂಗ್ಲಿಷು ಬಾರದು. ಆದರೆ ಕಣ್ಣು ಬಹಳ ಸೂಕ್ಷ್ಮ. ಹಿಂದಿನ ರಾತ್ರಿ ಅವರಿಗೆ ಹಳೆಯ ಕಂತೊಂದನ್ನು ತೋರಿಸಿ, “ಇವರೇ ಕ್ಲಿಂಗನ್ನರು ಅಪ್ಪಾ, ಬೇರೆ ಗ್ರಹದ ಯುದ್ಧವೀರರು” ಎಂದು ವಿವರಿಸಿದ್ದೆ. ಆ ದಿನ ಓಡುತ್ತಿದ್ದುದು ಇಪ್ಪತ್ತು ವರ್ಷ ಈಚಿನ ಕಂತು. ಇವರೂ ಕ್ಲಿಂಗನ್ನರೇ ಎಂದೆ. ತಂದೆಯವರು ಸ್ವಲ್ಪ ಹೊತ್ತು ನೋಡಿ, “ಅದೆಂಗೆ ಮಗಾ? ನಿನ್ನೆ ತೋರುಸ್ದಾಗ ಈ ಜನದ ಹಣೆ ನುಣ್ಣಗಿತ್ತಲ್ಲ. ಇವತ್ತು ನೋಡುದ್ರೆ ಉತ್ತ ಹೊಲ ಆದಂಗೆ ಆಗದೆ!” ಎಂದರು.

ನಾನು ನಕ್ಕುಬಿಟ್ಟೆ. ನಗು ಬಂದುದು ಅವರ ಉಪಮೆಗೆ, ಪ್ರಶ್ನೆಗಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ಪ್ರಪಂಚದ ನಾನಾ ದೇಶಗಳ ಅಭಿಮಾನಿಗಳು ನಲವತ್ತು ವರ್ಷಗಳಿಗೂ ಮೀರಿ ಚರ್ಚಿಸಿದ್ದಾರೆ. ಅವರು ಕೊಟ್ಟ ಉತ್ತರಗಳು ಯಾವುವು, ಅವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ನನ್ನ ಅಲ್ಪಮತಿಗೆ ತೋರಿದಂತೆ ಇಲ್ಲಿ ನಿರೂಪಿಸುತ್ತೇನೆ.

ಕಥೆಯ ಹಿನ್ನೆಲೆ

ತಿಳಿಯದವರಿಗಾಗಿ ಮೊದಲು ನಾಲ್ಕು ಮಾತು. ಈ ಧಾರಾವಾಹಿಯನ್ನು ಕಲ್ಪಿಸಿದವರು ಜೀನ್ ರಾಡೆನ್‌ಬೆರಿ. ಎನ್.ಬಿ.ಸಿ. ಎಂಬ ಅಮೆರಿಕದ ದೂರದರ್ಶನ ಜಾಲದಲ್ಲಿ 1966ರ ಸೆಪ್ಟೆಂಬರ್ 8ರಂದು ಇದರ ಪ್ರಸಾರ ಆರಂಭವಾಯಿತು. 1969ರಲ್ಲಿ ನಿಂತಾಗ 79 ಕಂತುಗಳಾಗಿದ್ದವು. ಆಮೇಲೆ ಆ ಒಂದು ಬುಡದಿಂದ ಹಲವು ಚಲಚ್ಚಿತ್ರಗಳೂ ಹಲವು ಧಾರಾವಾಹಿಗಳೂ ಟಿಸಿಲೊಡೆದವು. ಇಪ್ಪತ್ತಮೂರನೆಯ ಶತಮಾನದಲ್ಲಿ ಮಾನವರು ಬೇರೆ ಬೇರೆ ಗ್ರಹಗಳ ಜನರೊಡನೆ ಸೇರಿ ಒಂದು ಒಕ್ಕೂಟವನ್ನು ಕಟ್ಟಿಕೊಂಡಿರುತ್ತಾರೆ. ಆ ಒಕ್ಕೂಟದ ‘ಎಂಟರ್‌ಪ್ರೈಸ್’ ಎಂಬ ನೌಕೆಯೂ ಅದರ ನಾಯಕನಾದ ಕರ್ಕನೂ ಕಥೆಯ ಕೇಂದ್ರ. ಒಕ್ಕೂಟಕ್ಕೆ ಎದುರು ನಿಂತ ಪ್ರಬಲ ಸಾಮ್ರಾಜ್ಯವೇ ಕ್ಲಿಂಗನ್ನರದು.

ಕ್ಲಿಂಗನ್ನರು ಮೊದಲು ಕಾಣಿಸಿಕೊಂಡುದು 1967ರ ಮಾರ್ಚ್ 23ರಂದು ಪ್ರಸಾರವಾದ ‘ಎರಂಡ್ ಆಫ್ ಮರ್ಸಿ’ ಎಂಬ ಕಂತಿನಲ್ಲಿ. ಆರ್ಗೇನಿಯ ಎಂಬ ಗ್ರಹದಲ್ಲಿ ಸಾಧು ಸ್ವಭಾವದ ಹಳ್ಳಿಗರಿರುತ್ತಾರೆ. ಆ ಗ್ರಹ ಯುದ್ಧಕ್ಕೆ ಆಯಕಟ್ಟಿನ ಸ್ಥಳವಾದುದರಿಂದ ಒಕ್ಕೂಟಕ್ಕೂ ಬೇಕು, ಕ್ಲಿಂಗನ್ನರಿಗೂ ಬೇಕು. ಕೋರ್ ಎಂಬ ಕ್ಲಿಂಗನ್ ಸೇನಾನಿ ಸೈನ್ಯಸಮೇತ ಬಂದು ಅದನ್ನು ಆಕ್ರಮಿಸುತ್ತಾನೆ. ಈ ಪಾತ್ರವನ್ನು ವಹಿಸಿದವರು ಕೆನಡಾದ ನಟ ಜಾನ್ ಕೊಲಿಕೋಸ್. ಕಂದು ಬಣ್ಣ ಬಳಿದ ಮುಖ, ಪೊದೆ ಹುಬ್ಬು, ಇಳಿಬಿದ್ದ ಮೀಸೆ, ಸಣ್ಣ ಗಡ್ಡ, ಇಷ್ಟೇ ಅವರ ವೇಷ. ಹಣೆ ನನ್ನ ನಿಮ್ಮ ಹಣೆಯಂತೆಯೇ ಇದೆ.

ಹನ್ನೆರಡು ವರ್ಷಗಳ ಮೇಲೆ, 1979ರ ಡಿಸೆಂಬರಿನಲ್ಲಿ, ಮೊದಲನೆಯ ಚಲಚ್ಚಿತ್ರ ತೆರೆಗೆ ಬಂತು. ಅದರ ಆರಂಭದ ದೃಶ್ಯದಲ್ಲಿಯೇ ಕ್ಲಿಂಗನ್ನರಿದ್ದಾರೆ. ಆದರೆ ಇವರು ಯಾರೋ ಬೇರೆಯವರು! ಬೆನ್ನೆಲುಬೇ ಕತ್ತನ್ನು ಏರಿ ನೆತ್ತಿಯನ್ನು ದಾಟಿ ಮೂಗಿನ ಬುಡಕ್ಕೆ ಇಳಿದಂತೆ ಒಂದು ದಪ್ಪ ಏಣು ಹಣೆಯ ನಡುವೆ ಎದ್ದಿದೆ. 1984ರ ಮೂರನೆಯ ಚಿತ್ರದಲ್ಲಿ ಆ ಏಣು ಮತ್ತೊಂದು ಬಗೆ. 1987ರಲ್ಲಿ ಆರಂಭವಾದ ‘ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯಲ್ಲಿ ಒಬ್ಬೊಬ್ಬ ಕ್ಲಿಂಗನ್ನನಿಗೂ ಒಂದೊಂದು ವಿನ್ಯಾಸದ ಹಣೆ. ನಮ್ಮ ತಂದೆಯವರ ಮಾತಿನಲ್ಲಿ ಹೇಳುವುದಾದರೆ, ಹೊಲದಿಂದ ಹೊಲಕ್ಕೆ ಸಾಲು ಬೇರೆ.

ಅಭಿಮಾನಿಗಳ ವಾದಗಳು

ಇದಕ್ಕೆ ಬಣ್ಣದ ಕೋಣೆಯ ಉತ್ತರ ಬಹಳ ಸರಳ. 1967ರಲ್ಲಿ ವಾರಕ್ಕೊಂದು ಕಂತು ಸಿದ್ಧವಾಗಬೇಕಿತ್ತು. ಹಣವೂ ಇಲ್ಲ, ಸಮಯವೂ ಇಲ್ಲ. ಬಣ್ಣ ಮತ್ತು ಅಂಟು ಮೀಸೆಗಳಲ್ಲೇ ಕೆಲಸ ಮುಗಿಯಬೇಕು. ಚಲಚ್ಚಿತ್ರಕ್ಕೆ ಹೇರಳವಾಗಿ ಹಣ ಬಂದಾಗ ರಬ್ಬರಿನ ಹಣೆ ಮಾಡಿಸಿ ಅಂಟಿಸಿದರು. ಇದನ್ನು ನಾನು ಹೇಳಿದೊಡನೆ ತಂದೆಯವರು, “ಹಂಗಾರೆ ಬದ್ಲಾಗಿರೋದು ಜನ ಅಲ್ಲ, ಕಾಸು ಅನ್ನು” ಎಂದರು.

ಆದರೆ ಅಭಿಮಾನಿಗಳಿಗೆ ಈ ಉತ್ತರ ಸಾಲದು. ಅವರಿಗೆ ಬೇಕಾದುದು ಕಥೆಯೊಳಗಿನ ಕಾರಣ. ಈ ಬಗೆಯಲ್ಲಿ ಹುಟ್ಟಿದ ವಾದಗಳಲ್ಲಿ ನಾಲ್ಕು ಮುಖ್ಯವಾದವು.

ಒಂದು: ಕ್ಲಿಂಗನ್ನರಿಗೆ ಹಿಂದಿನಿಂದಲೂ ಏಣು ಇತ್ತು, ಹಳೆಯ ಕಂತುಗಳಲ್ಲಿ ತೋರಿಸಲಾಗಲಿಲ್ಲ ಅಷ್ಟೆ, ನೋಡುವವರು ಇದೆಯೆಂದೇ ಭಾವಿಸಿಕೊಳ್ಳಬೇಕು. ಎರಡು: ಕ್ಲಿಂಗನ್ನರಲ್ಲಿಯೇ ಎರಡು ಬುಡಕಟ್ಟುಗಳಿವೆ, ಹಳೆಯ ಕಂತುಗಳ ಕಾಲದಲ್ಲಿ ನುಣುಪು ಹಣೆಯವರ ಕೈಯಲ್ಲಿ ಅಧಿಕಾರವಿತ್ತು, ಆಮೇಲೆ ಏಣು ಹಣೆಯವರ ಕೈಗೆ ಹೋಯಿತು. ಮೂರು: ಮಾನವರ ಗಡಿಯಲ್ಲಿ ಕೆಲಸ ಮಾಡುವುದಕ್ಕಾಗಿ ಕ್ಲಿಂಗನ್ನರು ಮಾನವರ ಅಂಶವನ್ನು ಬೆರೆಸಿ ಒಂದು ಮಿಶ್ರಸಂತತಿಯನ್ನು ನಿರ್ಮಿಸಿದರು, 1980ರ ದಶಕದಲ್ಲಿ ಬಂದ ಒಂದು ಆಟದ ಪುಸ್ತಕಗಳಲ್ಲಿ ಈ ಕಲ್ಪನೆ ವಿಸ್ತಾರವಾಗಿ ಬೆಳೆಯಿತು. ನಾಲ್ಕು: ಯಾವುದೋ ವ್ಯಾಧಿಯಿಂದ ಒಂದು ತಲೆಮಾರಿನವರ ರೂಪವೇ ಕೆಟ್ಟಿತು.

ಇವುಗಳನ್ನು ಪರೀಕ್ಷಿಸುವುದು ಹೇಗೆ? ಹೊಸ ಶಾಸನವೊಂದು ಸಿಕ್ಕಿದಾಗ ಹಳೆಯ ಚರಿತ್ರೆಯನ್ನು ತಿದ್ದುವಂತೆ, ಅಭಿಮಾನಿಗಳು ಹೊಸ ಕಂತು ಬಂದಾಗಲೆಲ್ಲ ತಮ್ಮ ವಾದಗಳನ್ನು ಅದರೊಡನೆ ತಾಳೆ ನೋಡಿದರು. ನನಗೆ ಮೆಚ್ಚಿಗೆಯಾದುದು ಈ ಶ್ರದ್ಧೆಯೇ.

1994ರಲ್ಲಿ ‘ಡೀಪ್ ಸ್ಪೇಸ್ ನೈನ್’ ಧಾರಾವಾಹಿಯ ಒಂದು ಕಂತಿನಲ್ಲಿ ಹಳೆಯ ಮೂವರು ಕ್ಲಿಂಗನ್ನರಾದ ಕೋರ್, ಕೋಲಾತ್, ಕ್ಯಾಂಗ್ ಮತ್ತೆ ಬಂದರು. ಆ ಪಾತ್ರಗಳನ್ನು ಸುಮಾರು ಕಾಲು ಶತಮಾನದ ಹಿಂದೆ ಮಾಡಿದ್ದ ನಟರೇ ಮತ್ತೆ ಮಾಡಿದರು. ಪಾತ್ರ ಅದೇ, ನಟ ಅದೇ. ಆದರೆ ಈಗ ಹಣೆಯಲ್ಲಿ ಏಣು! ಎರಡು ಬುಡಕಟ್ಟುಗಳ ವಾದ ಅಲ್ಲಿಗೆ ಬಿದ್ದಿತು. ಒಬ್ಬನೇ ವ್ಯಕ್ತಿ ಎರಡು ಬುಡಕಟ್ಟುಗಳಲ್ಲಿ ಹುಟ್ಟಲಾರ. ‘ಹಿಂದಿನಿಂದಲೂ ಇತ್ತು’ ಎಂಬ ಮೊದಲ ವಾದಕ್ಕೆ ಬಲ ಬಂದಿತು.

ಆದರೆ ಆ ಬಲ ಎರಡೇ ವರ್ಷದ್ದು. 1996 ಸ್ಟಾರ್ ಟ್ರೆಕ್ಕಿಗೆ ಮೂವತ್ತು ತುಂಬಿದ ವರ್ಷ. ಅದರ ನೆನಪಿಗೆ ಮಾಡಿದ ಒಂದು ಕಂತಿನಲ್ಲಿ ಇಪ್ಪತ್ತನಾಲ್ಕನೆಯ ಶತಮಾನದ ಅಧಿಕಾರಿಗಳು ಕಾಲದಲ್ಲಿ ಹಿಂದಕ್ಕೆ ಹೋಗಿ, 1967ರ ಒಂದು ಕಂತಿನ ಘಟನೆಗಳೊಳಗೇ ಸೇರಿಕೊಳ್ಳುತ್ತಾರೆ. ಅವರೊಡನೆ ವೋರ್ಫ್ ಎಂಬ ಏಣು ಹಣೆಯ ಕ್ಲಿಂಗನ್ ಅಧಿಕಾರಿಯೂ ಇದ್ದಾನೆ. ಅಲ್ಲಿ ನುಣುಪು ಹಣೆಯವರನ್ನು ಕಂಡ ಜೊತೆಗಾರರು ಅವರು ಕ್ಲಿಂಗನ್ನರೆಂದು ನಂಬುವುದೇ ಇಲ್ಲ; ಎಲ್ಲರೂ ವೋರ್ಫನ ಕಡೆ ತಿರುಗುತ್ತಾರೆ. ಅವರು ಕ್ಲಿಂಗನ್ನರೇ, ಅದೊಂದು ದೊಡ್ಡ ಕಥೆ ಎಂದಷ್ಟೇ ಅವನು ಹೇಳುತ್ತಾನೆ. ತಳಿಯನ್ನು ಮಾರ್ಪಡಿಸಿದರೋ, ವೈರಾಣು ತಗುಲಿತೋ ಎಂದು ಜೊತೆಗಾರರು ಊಹಿಸತೊಡಗಿದಾಗ, ಹೊರಗಿನವರೊಡನೆ ನಾವು ಆ ಮಾತು ಆಡುವುದಿಲ್ಲ ಎಂದು ಬಾಯಿ ಮುಚ್ಚಿಸುತ್ತಾನೆ. ವ್ಯತ್ಯಾಸ ಕಥೆಯೊಳಗಿನ ಪಾತ್ರಗಳ ಕಣ್ಣಿಗೇ ಬಿದ್ದಮೇಲೆ ‘ತೋರಿಸಲಾಗಲಿಲ್ಲ ಅಷ್ಟೆ’ ಎಂಬ ವಾದ ನಿಲ್ಲುವುದೆಲ್ಲಿ?

2001ರಲ್ಲಿ ಬಂದ ‘ಎಂಟರ್‌ಪ್ರೈಸ್’ ಧಾರಾವಾಹಿ ಸಮಸ್ಯೆಯನ್ನು ಇನ್ನೂ ಜಟಿಲಗೊಳಿಸಿತು. ಅದರ ಕಥೆ ನಡೆಯುವುದು ಕರ್ಕನ ಕಾಲಕ್ಕಿಂತ ಸುಮಾರು ನೂರು ವರ್ಷ ಹಿಂದೆ. ಅಲ್ಲಿಯ ಕ್ಲಿಂಗನ್ನರಿಗೂ ಏಣು ಇದೆ. ಅಂದರೆ ಮೊದಲು ಏಣು, ನಡುವೆ ನುಣುಪು, ಕಡೆಗೆ ಮತ್ತೆ ಏಣು ಎಂದಾಯಿತು.

ಕೊನೆಗೆ 2005ರ ಫೆಬ್ರವರಿಯಲ್ಲಿ ಇದೇ ಧಾರಾವಾಹಿಯ ಎರಡು ಕಂತುಗಳಲ್ಲಿ ಅಧಿಕೃತ ಉತ್ತರ ದೊರೆಯಿತು. ತಳಿಯನ್ನು ತಿದ್ದಿ ಬಲಗೊಳಿಸಿದ ಮಾನವ ಭ್ರೂಣಗಳು ಕ್ಲಿಂಗನ್ನರ ಕೈಗೆ ಸಿಗುತ್ತವೆ. ತಾವೂ ಅಂತಹ ಬಲಿಷ್ಠರಾಗಬೇಕೆಂದು ಅವರು ಪ್ರಯೋಗ ನಡೆಸುತ್ತಾರೆ. ಪ್ರಯೋಗಕ್ಕೊಳಗಾದವರಲ್ಲಿ ಒಬ್ಬನಿಗೆ ಶೀತಜ್ವರವಿದ್ದು, ಆ ವೈರಾಣು ಮಾರ್ಪಟ್ಟು ಗಾಳಿಯಲ್ಲಿ ಹರಡುವ ಪಿಡುಗಾಗುತ್ತದೆ. ಎಂಟರ್‌ಪ್ರೈಸಿನ ವೈದ್ಯ ಫ್ಲಾಕ್ಸ್ ಎಂಬವನು ಕಂಡುಹಿಡಿದ ಔಷಧ ಪ್ರಾಣವನ್ನೇನೋ ಉಳಿಸುತ್ತದೆ. ಆದರೆ ರೋಗದ ಮೊದಲ ಲಕ್ಷಣವಾದ ನುಣುಪು ಹಣೆ ಹಾಗೆಯೇ ಉಳಿದು ಮಕ್ಕಳಿಗೂ ಇಳಿಯುತ್ತದೆ. ಮುಂದೆ ತಲೆಯ ಶಸ್ತ್ರಚಿಕಿತ್ಸೆಗೆ ಬೇಡಿಕೆ ಬರಬಹುದೆಂಬ ಒಂದು ಸುಳಿವೂ ಅಲ್ಲಿದೆ. 1996ರಲ್ಲಿ ವೋರ್ಫನ ಜೊತೆಗಾರರು ಮಾಡಿದ ಊಹೆಗಳೆರಡನ್ನೂ, ತಳಿಯ ಮಾರ್ಪಾಡು ಮತ್ತು ವೈರಾಣು, ಕಥೆಗಾರರು ಒಂದೇ ದಾರದಲ್ಲಿ ಪೋಣಿಸಿದ್ದನ್ನು ಓದುಗರು ಗಮನಿಸಿರಬಹುದು.

ಇಲ್ಲಿಗೆ ವಿಷಯ ಮುಗಿಯಿತೆಂದು ಅಭಿಮಾನಿಗಳು ನಿಟ್ಟುಸಿರು ಬಿಟ್ಟರು. ಆದರೆ 2017ರ ‘ಡಿಸ್ಕವರಿ’ ಧಾರಾವಾಹಿಯಲ್ಲಿ ಬೋಳು ತಲೆಯ, ಹಿಂದಕ್ಕೆ ಉದ್ದವಾಗಿ ಚಾಚಿದ ಬುರುಡೆಯ ಕ್ಲಿಂಗನ್ನರು ಕಾಣಿಸಿಕೊಂಡರು. ಅದೂ ಕರ್ಕನ ಕಾಲಕ್ಕೆ ಹತ್ತೇ ವರ್ಷ ಹಿಂದೆ! 2019ರಲ್ಲಿ ಅವರಿಗೆ ಕೂದಲು ಬಂದಿತು. ಯುದ್ಧಕಾಲದಲ್ಲಿ ಬೋಳಿಸಿಕೊಂಡಿದ್ದರೆಂದು ಸಮಾಧಾನ ಹೇಳಲಾಯಿತು. 2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಧಾರಾವಾಹಿ ಹೆಚ್ಚು ಕಡಿಮೆ 1987ರ ಹಣೆಗೇ ಮರಳಿತು. ಪಿಡುಗು ಎಲ್ಲರಿಗೂ ತಗುಲಿರಲಿಲ್ಲ ಎಂದು ಅಭಿಮಾನಿಗಳು ಇದಕ್ಕೂ ಒಂದು ದಾರಿ ಕಂಡುಕೊಂಡರು.

ಎರಡು ಪ್ರಶ್ನೆಗಳು

ಇಷ್ಟನ್ನೂ ಓದಿ ‘ಇದೇನು ಹುಚ್ಚು’ ಎಂದು ಕೆಲವರು ನಗಬಹುದು. ನಮ್ಮ ಸಾಹಿತ್ಯವನ್ನು ಅಭ್ಯಾಸ ಮಾಡಿದವರು ನಗಲಾರರು. ದ್ರೌಪದಿಗೆ ಐವರು ಗಂಡಂದಿರೇಕೆ ಎಂಬುದಕ್ಕೆ ವ್ಯಾಸಭಾರತದಲ್ಲಿ ಕಥೆಯೊಳಗಿನ ಕಾರಣವೇ ಇದೆ: ಹಿಂದಿನ ಜನ್ಮದಲ್ಲಿ ಆಕೆ ಪತಿಯನ್ನು ಬೇಡುತ್ತ ಶಿವನಲ್ಲಿ ಅದೇ ಮಾತನ್ನು ಐದು ಸಲ ಹೇಳಿದಳು. ಆದರೆ ಹತ್ತನೆಯ ಶತಮಾನದ ಪಂಪನ ಕಾವ್ಯದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ಅದಕ್ಕೆ ನಾವು ಯಾವ ಶಾಪವನ್ನೂ ವರವನ್ನೂ ಹುಡುಕುವುದಿಲ್ಲ. ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದ್ದಾನೆ. ರಾಜನ ಪತ್ನಿಯನ್ನು ಐವರಿಗೆ ಹಂಚುವುದು ಅವನಿಗೆ ಸಾಧ್ಯವಿರಲಿಲ್ಲ ಎಂದು ಕವಿಯ ಸನ್ನಿವೇಶದಲ್ಲಿ ಕಾರಣ ಹುಡುಕುತ್ತೇವೆ.

ಹೀಗೆ ಪ್ರಶ್ನೆಗಳು ಎರಡು. ‘ಕಥೆಯೊಳಗೆ ಹೀಗೇಕಾಯಿತು?’ ಎಂಬುದು ಒಂದು. ‘ಕಥೆ ಕಟ್ಟಿದವರು ಹೀಗೇಕೆ ಮಾಡಿದರು?’ ಎಂಬುದು ಇನ್ನೊಂದು. 2005ರ ಪಿಡುಗು ಮೊದಲನೆಯದಕ್ಕೆ ಉತ್ತರ. ಕಾಸು ಎರಡನೆಯದಕ್ಕೆ ಉತ್ತರ. ಎರಡೂ ತಂತಮ್ಮ ಸ್ಥಾನದಲ್ಲಿ ಸರಿಯೇ. ಒಂದಕ್ಕೆ ಉತ್ತರ ಸಿಕ್ಕಿತೆಂದು ಇನ್ನೊಂದನ್ನು ಕೇಳದೆ ಬಿಡುವುದೇ ತಪ್ಪು. ಈ ತಪ್ಪನ್ನು ನಾನೂ ಮಾಡಿದ್ದೆ. ಅದನ್ನು ತೋರಿಸಿಕೊಟ್ಟವರು ತಂದೆಯವರೇ.

ತಂದೆಯವರ ಎರಡನೆಯ ಪ್ರಶ್ನೆ

ಹಣೆಯ ವಿಚಾರವೆಲ್ಲ ಮುಗಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಕಾಸಿರಲಿಲ್ಲ, ಹಣೆ ಮಾಡ್ಲಿಲ್ಲ, ಸರಿ. ಮತ್ತೆ ಮಕಕ್ಕೆ ಆ ಕರೀ ಬಣ್ಣ ಯಾಕೆ ಬಳುದ್ರು ಮಗಾ?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಹಣೆಯ ಬಗೆಗೆ ಅಷ್ಟೆಲ್ಲ ವಾದಗಳನ್ನು ಓದಿದ್ದ ನಾನು ಬಣ್ಣದ ಬಗೆಗೆ ಯೋಚಿಸಿಯೇ ಇರಲಿಲ್ಲ. ಯೋಚಿಸಬೇಕಾದವಳೂ ನಾನೇ ಆಗಿದ್ದೆ. ಹೈಸ್ಕೂಲಿನ ವಾರ್ಷಿಕೋತ್ಸವದ ನಾಟಕದಲ್ಲಿ ಶೂರ್ಪನಖಿಯ ಪಾತ್ರಕ್ಕೆ ನನ್ನನ್ನು ಆರಿಸಿದ್ದರು. ಬಣ್ಣ ಹಚ್ಚಲು ಬಂದವರು ನನ್ನ ಮುಖ ನೋಡಿ, ಇವಳಿಗೆ ಬಣ್ಣದ ಖರ್ಚೇ ಇಲ್ಲ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಂದೆಯವರು ಆ ದಿನ ಅರ್ಧ ಕೂಲಿ ಬಿಟ್ಟು ಬಂದು, ಆ ಮಾತು ನಡೆದಾಗ ಪರದೆಯ ಪಕ್ಕದಲ್ಲಿಯೇ ನಿಂತಿದ್ದರು. ಮನೆಗೆ ಬಂದ ಮೇಲೆ ಅವರೂ ಆ ಸಂಗತಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಾಲೇಜಿಗೆ ಮರಳಿದ ಮೇಲೆ ಹಳೆಯ ಕಂತುಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಿದೆ. ಕೋರನ ವೇಷಕ್ಕೆ ಚೆಂಗೀಸ್ ಖಾನನ ರೂಪವನ್ನು ತಾನೇ ಸೂಚಿಸಿದುದಾಗಿ ನಟ ಕೊಲಿಕೋಸ್ ಮುಂದೆ ಹೇಳಿಕೊಂಡಿದ್ದಾರೆ. 1967 ಎಂದರೆ ಅಮೆರಿಕವು ವಿಯೆಟ್ನಾಮಿನಲ್ಲಿ ಯುದ್ಧ ಮಾಡುತ್ತಿದ್ದ, ರಷ್ಯದೊಡನೆ ಶೀತಲ ಸಮರದಲ್ಲಿದ್ದ ಕಾಲ. ಶತ್ರು ಪೂರ್ವ ದಿಕ್ಕಿನವನು ಎಂಬುದು ನೋಡುವವರ ಮನಸ್ಸಿನಲ್ಲಿ ಮೊದಲೇ ಇತ್ತು. ಹಣ ಕಡಿಮೆ ಇದ್ದುದರಿಂದ ರಬ್ಬರಿನ ಹಣೆ ಬರಲಿಲ್ಲ ನಿಜ. ಆದರೆ ಕಡಿಮೆ ಖರ್ಚಿನಲ್ಲಿ ‘ಇವನೇ ಶತ್ರು’ ಎಂದು ತೋರಿಸಬೇಕಾದಾಗ ಕೈಗೆ ಸಿಕ್ಕಿದ್ದು ಕಂದು ಬಣ್ಣ ಮತ್ತು ಇಳಿಬಿದ್ದ ಮೀಸೆ. ಹಣೆಯಲ್ಲಿ ಏನಿಲ್ಲವೆಂಬುದಕ್ಕೆ ಕಾಸು ಕಾರಣವಾಗಬಹುದು. ಮುಖದ ಮೇಲೆ ಏನಿತ್ತೆಂಬುದಕ್ಕೆ ಅದೊಂದೇ ಕಾರಣವಾಗಲಾರದು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಕಂತಿನಲ್ಲಿ ಕೋಲಾತನ ಮುಖಕ್ಕೆ ಆ ಗಾಢವಾದ ಬಣ್ಣವಿಲ್ಲ. ಆದುದರಿಂದ ಕಂದು ಬಣ್ಣ ಕ್ಲಿಂಗನ್ನರ ದೇಹಧರ್ಮವೆಂದು ವಾದಿಸುವಂತೆಯೂ ಇಲ್ಲ. ಫ್ಲಾಕ್ಸನ ಔಷಧ ಇದಕ್ಕೆ ಉತ್ತರ ಕೊಡದು.

ಹಾಗಾದರೆ ಆಮೇಲೆ ಬಂದ ಏಣಿನಿಂದ ಒಂದು ಉಪಕಾರವಾಯಿತೆಂದೇ ನನಗೆ ತೋರುತ್ತದೆ. ಶತ್ರುವಿನ ಗುರುತು ಬಣ್ಣದಿಂದ ಹಣೆಗೆ ಹೋಯಿತು. ಅಂತಹ ಹಣೆ ಭೂಮಿಯ ಮೇಲಿನ ಯಾವ ದೇಶದವರಿಗೂ ಇಲ್ಲ. ಜೊತೆಗೆ ಶತ್ರುತ್ವವೂ ಕರಗತೊಡಗಿತು. 1987ರಲ್ಲಿ ವೋರ್ಫ್ ಒಕ್ಕೂಟದ ನೌಕೆಯಲ್ಲಿಯೇ ಅಧಿಕಾರಿಯಾದ. ಆ ಪಾತ್ರವನ್ನು ಮಾಡಿದವರು ಮೈಕೇಲ್ ಡಾರ್ನ್ ಎಂಬ ಕಪ್ಪು ಜನಾಂಗದ ಅಮೆರಿಕನ್ ನಟ. 1991ರ ಡಿಸೆಂಬರಿನಲ್ಲಿ ಬಂದ ಆರನೆಯ ಚಿತ್ರದಲ್ಲಿ ಕ್ಲಿಂಗನ್ನರ ಚಂದ್ರನೊಂದು ಸಿಡಿದು, ಚೆರ್ನೋಬಿಲ್ ದುರಂತವನ್ನು ನೆನಪಿಗೆ ತಂದು, ಎರಡು ರಾಜ್ಯಗಳು ಸಂಧಿಗೆ ಕೂರುತ್ತವೆ. ಅದೇ ತಿಂಗಳಲ್ಲಿ ಸೋವಿಯತ್ ಒಕ್ಕೂಟವೂ ವಿಸರ್ಜನೆಯಾಯಿತು. ಆದರೂ ಕ್ಲಿಂಗನ್ನರ ಮುಖದ ಕಂದು ಬಣ್ಣ ಪೂರ್ತಿಯಾಗಿ ಹೋಗಲಿಲ್ಲವೆಂಬುದನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು.

ಇದರಿಂದ ಅಭಿಮಾನಿಗಳ ಶ್ರಮ ವ್ಯರ್ಥವೆಂದು ನಾನು ಹೇಳುವುದಿಲ್ಲ. ಪ್ರೀತಿಸಿದ ಕಥೆಯಲ್ಲಿ ಬಿರುಕು ಕಂಡಾಗ ಅದನ್ನು ಮುಚ್ಚಲು ಹೊರಡುವುದು ಸಹಜ. ಆದರೆ ಕೆಲವು ಬಿರುಕುಗಳನ್ನು ಮುಚ್ಚುವ ಮೊದಲು ಒಮ್ಮೆ ಒಳಗೆ ಇಣುಕಬೇಕು. ವೋರ್ಫನ ಮೌನವೇ ನನಗೆ 2005ರ ವಿವರಣೆಗಿಂತ ಹೆಚ್ಚು ನಿಜವೆನಿಸುತ್ತದೆ. ಅದು ಮನೆಯೊಳಗಿನ ನಾಚಿಕೆಯ ಮೌನ. ಅಂತಹುದು ನಮ್ಮ ಮನೆಯಲ್ಲಿಯೂ ಇತ್ತು. ಆ ರಾತ್ರಿ ತಂದೆಯವರು ಕೇಳಿದ ಪ್ರಶ್ನೆ ಕೋರನ ಮುಖದ ಬಗೆಗೆ ಮಾತ್ರವಾಗಿರಲಿಲ್ಲವೆಂದು ನನಗೆ ಈಗ ಅನ್ನಿಸುತ್ತದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಆರ್ಗೇನಿಯದ ಕಂತನ್ನು ತಂದೆಯವರಿಗೆ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ವಿವರಿಸುತ್ತ ತೋರಿಸಿದೆ. ನಾನು ಕಂಡುಕೊಂಡ ಉತ್ತರವನ್ನೂ, ನಾಟಕದ ದಿನ ನಗು ಬಾರದೆ ನಕ್ಕಿದ್ದನ್ನೂ ಹೇಳಿದೆ. ಅವರು ತಲೆದೂಗಿದರು, ಮಾತಾಡಲಿಲ್ಲ. ಕಂತಿನ ಕೊನೆಯಲ್ಲಿ, ಇಬ್ಬರೂ ಕೈಲಾಗದವರೆಂದು ತಿಳಿದಿದ್ದ ಆ ಹಳ್ಳಿಗರು ಎರಡು ಸೇನೆಗಳ ಆಯುಧಗಳನ್ನೂ ಮುಟ್ಟಲಾರದಷ್ಟು ಬಿಸಿ ಮಾಡಿ ಯುದ್ಧವನ್ನೇ ನಿಲ್ಲಿಸುತ್ತಾರೆ. ಯುದ್ಧ ತಪ್ಪಿತೆಂದು ಕೋರನಂತೆಯೇ ಕರ್ಕನೂ ಸಿಟ್ಟಾಗುತ್ತಾನೆ, ಆಮೇಲೆ ನಾಚಿಕೊಳ್ಳುತ್ತಾನೆ. ಆ ಹಳ್ಳಿಗರು ಬಂದವರ ಅನುಕೂಲಕ್ಕಾಗಿ ಮನುಷ್ಯರೂಪ ಧರಿಸಿದ್ದವರು. ನಿಜದಲ್ಲಿ ದೇಹವೇ ಇಲ್ಲದ ಚೈತನ್ಯಗಳು. ಅವರು ಬರಿಯ ಬೆಳಕಾಗಿ ಮಾಯವಾದುದನ್ನು ನೋಡಿ ತಂದೆಯವರು, “ಹಂಗಾರೆ ಇವ್ರಿಗೆ ಹಣೆನೇ ಇಲ್ಲ, ಬಣ್ಣನೂ ಇಲ್ಲ ಅನ್ನು” ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟು ಎದ್ದರು.

ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು ನನ್ನ ತಪ್ಪುಗಳನ್ನು ತಿದ್ದಬೇಕೆಂದು ಬೇಡಿಕೊಂಡು ಲೇಖನವನ್ನು ಮುಗಿಸುತ್ತೇನೆ.